ಶಿವಲಿಂಗಿಯ ಹಿಡಿ

ದೊಡ್ಡತಾಯಮ್ಮನ ಮನೆಯಲ್ಲಿ ಅನ್ನ ಉದುರುದುರಾಗಿ ಆದದ್ದನ್ನು ನಾನು ಕಂಡದ್ದು ಅವಳ ಮೊಮ್ಮಗಳು ಸುಗುಣನನ್ನು ನೋಡಲು ಗಂಡಿನವರು ಬಂದ ದಿನ. ಅದಕ್ಕೆ ಹಿಂದೆ ಆ ಮನೆಯಲ್ಲಿ ಅಂಥ ಅನ್ನ ಆದಾಗ ಸುಗುಣ ಹುಟ್ಟಿರಲಿಲ್ಲ, ಅವಳ ತಾಯಿ ಕೆಂಪಾಜಿ ಆ ಮನೆಗೆ ಸೊಸೆಯಾಗಿ ಬಂದಿರಲೂ ಇಲ್ಲ. ಅವರದೂ ನಮ್ಮದೂ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಕೆಮ್ಮು ಬರುತ್ತಿತ್ತು. ಅದಕ್ಕೇ ಈ ಸಂಗತಿ ನನಗೆ ಗೊತ್ತು, ಬೇರೆ ಯಾರಿಗೂ ಇಷ್ಟು ಗೊತ್ತಿಲ್ಲ.

ನಮ್ಮೂರಲ್ಲಿ ಅನ್ನ ಮಾಡುವುದು ಬೇರೆ ಊರಿನ ಹಾಗೆಯೇ. ವರ್ಷ ತುಂಬಿದ ಹಳೆ ಅಕ್ಕಿ ಆಗಬೇಕು. ನೀರು ತಿಳಿಯಾಗುವ ತನಕ ತೊಳೆಯಬೇಕು, ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ನೆನೆಯಲು ಬಿಡಬೇಕು. ಎಸರು ಕೊತಕೊತ ಕುದಿಯುವಾಗ ಉಪ್ಪು ಹಾಕಿ, ನಿಂಬೆಹುಳಿ ನಾಕು ಹನಿ ಹಿಂಡಿ ಅಕ್ಕಿ ಬಿಡಬೇಕು. ಬಿಟ್ಟ ಮೇಲೆ ಕೈಯಾಡಿಸಬಾರದು. ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿದರೆ ನಡುವೆ ಬಿಳಿ ಚುಕ್ಕಿ ಕಾಣಬಾರದು. ಆಗ ಗಂಜಿ ಬಸಿದು, ಪಾತ್ರೆಯನ್ನು ಕೆಂಡದ ಮೇಲೆ ಇಟ್ಟು, ಮುಚ್ಚಳದ ಮೇಲೂ ನಾಕು ಕೆಂಡ ಹಾಕಿ, ಹಬೆ ಅಡಗುವ ತನಕ ಆ ಕಡೆ ತಿರುಗಿ ನೋಡಬಾರದು. ಇಷ್ಟೆಲ್ಲ ಮಾಡಿದರೂ ಹಿಡಿಯ ಲೆಕ್ಕ ಸರಿ ಇರಬೇಕು. ಉಣ್ಣುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಹಿಡಿ, ಹೆಸರು ಹೇಳಿ ಪಾತ್ರೆಗೆ ಹಾಕಬೇಕು. ಯಾರ ಹೆಸರು ಹೇಳಿ ಹಾಕಿದೆವೋ ಅವರು ಉಣ್ಣಲು ಬರದೆ ಹೋಗುವುದಾದರೆ ಅನ್ನ ಮೊದಲೇ ಕರಗಿ ಮುದ್ದೆಗಟ್ಟುತ್ತಿತ್ತು. ಹೇಳದೆ ಕೇಳದೆ ನೆಂಟರು ಬರುವ ದಿನ ಎಷ್ಟು ಬೇಯಿಸಿದರೂ ಅಗುಳಿನ ನಡುವೆ ಸುಣ್ಣದ ಚುಕ್ಕಿ ಉಳಿಯುತ್ತಿತ್ತು, ನಾವು ಇನ್ನೊಂದು ಹಿಡಿ ಅಕ್ಕಿ ತೊಳೆಯುತ್ತಿದ್ದೆವು. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ಒದ್ದಾಡಿ ಆಮೇಲೆ ಹೊಂದಿಕೊಳ್ಳುತ್ತಿದ್ದರು. ಗಂಡ ಕೋಪ ಮಾಡಿಕೊಂಡು ಊಟ ಬಿಟ್ಟು ಹೋಗುತ್ತಾನೆಂದು ಅವನಿಗೆ ಕೋಪ ಬರುವ ಮುಂಚೆಯೇ ಪಾತ್ರೆ ನೋಡಿ ತಿಳಿದುಕೊಳ್ಳುವಷ್ಟು ಜಾಣೆಯರಾಗುತ್ತಿದ್ದರು.

ಶಿವಲಿಂಗಿ ದೊಡ್ಡತಾಯಮ್ಮನ ಒಬ್ಬಳೇ ಮಗಳು. ಚಾಪೆ ನೇಯುವುದರಲ್ಲಿ ನಮ್ಮ ಬೀದಿಗೇ ಕೈ ಮುಂದು. ಒಂದು ಮಧ್ಯಾಹ್ನ ಉಣ್ಣುತ್ತಾ ಕೂತಿದ್ದವಳು, ತಂದೆ ಗೊತ್ತುಮಾಡಿದ ಗಂಡನ್ನು ತಾನು ಒಲ್ಲೆ ಎಂದಳು. ತಂದೆ ಸಿಟ್ಟಿನ ಮನುಷ್ಯ. ಹಾಗಾದರೆ ಈ ಮನೆಯ ಅನ್ನದ ಋಣ ತೀರಿತು ಅಂದುಕೋ ಎಂದ. ಅವಳು ಅರ್ಧ ಉಂಡ ಎಲೆಯನ್ನು ಹಾಗೇ ಬಿಟ್ಟು, ಕೈ ತೊಳೆದು, ಉಟ್ಟ ಸೀರೆಯಲ್ಲೇ ಹೋದಳು. ಸಂಜೆಗೆ ಬಂದಾಳು ಅಂದುಕೊಂಡೆವು. ಬರಲಿಲ್ಲ. ಯಾವ ಊರಲ್ಲಿ ಇದ್ದಾಳೆ, ಯಾರ ಜೊತೆ ಇದ್ದಾಳೆ, ಇದ್ದಾಳೋ ಇಲ್ಲವೋ, ಒಂದು ಸುಳಿವೂ ಸಿಗಲಿಲ್ಲ. ಆ ದಿನ ಬೆಳಿಗ್ಗೆ ಅನ್ನ ಸ್ವಲ್ಪ ಮೆತ್ತಗಾಗಿತ್ತಂತೆ. ಹೊಸ ಅಕ್ಕಿ ಬೆರೆತಿರಬೇಕು ಎಂದು ದೊಡ್ಡತಾಯಮ್ಮ ಲಕ್ಷ್ಯ ಮಾಡಿರಲಿಲ್ಲ.

ಮಾರನೆಯ ದಿನದಿಂದ ಅವಳು ಮಗಳ ಹಿಡಿಯನ್ನು ನಿಲ್ಲಿಸಲಿಲ್ಲ. ಗಂಡನದು, ಮಗ ಮರಿಸ್ವಾಮಿಯದು, ತನ್ನದು, ಎಲ್ಲ ಹಾಕಿದ ಮೇಲೆ ಕಡೆಗೆ ಇದು ಶಿವಲಿಂಗಿದು ಎಂದು ಒಂದು ಹಿಡಿ ಹಾಕುತ್ತಿದ್ದಳು. ಅನ್ನ ದಿನಾ ಮುದ್ದೆಗಟ್ಟುತ್ತಿತ್ತು. ನಮ್ಮೂರಲ್ಲಿ ಹಿಡಿ ತೆಗೆಯುವುದು ಸತ್ತವರದ್ದು ಮತ್ತು ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದು. ಇವಳು ಎರಡೂ ಅಲ್ಲ. ನಾನೇ ಒಂದು ಸಲ ಹೇಳಿದೆ, ಬಂದ ದಿನ ಹಾಕಿದರಾಯಿತಲ್ಲ ಎಂದು. ಅವಳು ಚಾಪೆಯ ಅಂಚು ಕಟ್ಟುತ್ತಾ ತಲೆಯೆತ್ತದೆ ಹೇಳಿದಳು: "ಒಂದ್ಸಲ ಅರ್ಧ ಎಲೆ ಬುಟ್ಟು ಎದ್ದೋದೋಳು ಕಣೆ ಸಾಕಮ್ಮ. ಬಂದಾಗ ಅರೆಬೆಂದ ಅನ್ನ ಇಕ್ಕಲಾ?"

ಗಂಡ ತೀರಿಕೊಂಡಾಗ ಅವನ ಹಿಡಿಯನ್ನು ಸುಲಭವಾಗಿ ತೆಗೆದಳು. ಮಗಳದ್ದು ಉಳಿಯಿತು. ಮರಿಸ್ವಾಮಿಗೆ ಮದುವೆಯಾಗಿ ಕೆಂಪಾಜಿ ಬಂದಳು. ಬೇರೆ ಊರಿನವಳಲ್ಲ, ನಮ್ಮೂರ ಕೆರೆಯಾಚೆಯ ಬೀದಿಯವಳು, ಎಲ್ಲ ತಿಳಿದೇ ಬಂದವಳು. ಮೊದಲ ದಿನ ಅತ್ತೆ ಅಕ್ಕಿ ಅಳೆದು ಕೈಗೆ ಕೊಟ್ಟಾಗ, ಕಾಣದ ನಾದಿನಿಯ ಹಿಡಿಯೂ ಅದರಲ್ಲಿ ಇದೆಯೆಂದು ತಿಳಿದೂ ಶಾಸ್ತ್ರ ಬಿಡದಂತೆ ತೊಳೆದಳು, ನೆನೆಸಿದಳು, ಬಸಿದಳು, ಕೆಂಡವಿಟ್ಟಳು. ಮುಚ್ಚಳ ತೆಗೆದರೆ ಅಂಟು. ವರ್ಷಗಟ್ಟಲೆ ಹೀಗೇ ನಡೆಯಿತು. ಕೆಂಪಾಜಿ ಬಸುರಿಯಾಗಿದ್ದಾಗ ಬಯಕೆ ಏನೆಂದು ಕೇಳಿದರೆ, ಮಾವಿನಕಾಯಿ ಬೇಡ, ಹುಣಸೆ ಬೇಡ, ಒಂದು ತುತ್ತು ಉದುರನ್ನ ಬೇಕು ಎಂದಳು. ನಮ್ಮ ಮನೆಗೆ ಕರೆದು ಬಡಿಸಿದೆ. ಉಂಡು, ಎಲೆಯ ಮೇಲೆ ಉಳಿದ ಅಗುಳುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ತೆಗೆದು ತಿಂದಳು. ಅತ್ತೆಯ ಮೇಲೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಇನ್ನೂ ಹಗುರಾಗುತ್ತಿತ್ತು.

ಕಷ್ಟ ಬಂದದ್ದು ಸುಗುಣ ಮದುವೆಗೆ ಬಂದಾಗ. ನಮ್ಮೂರಲ್ಲಿ ಗಂಡಿನವರು ಮೊದಲು ಅನ್ನ ನೋಡುತ್ತಾರೆ, ಆಮೇಲೆ ಹೆಣ್ಣು. ಮೆತ್ತನ್ನದ ಮನೆ ಎಂದರೆ ಅಲ್ಲಿ ಯಾವುದೋ ಒಂದು ಮುಗಿಯದೆ ಉಳಿದಿದೆ, ಅದು ಹೆಣ್ಣಿನ ಬೆನ್ನಿಗೆ ನಮ್ಮ ಮನೆಗೂ ಬಂದೀತು ಎಂಬ ಅಂಜಿಕೆ. ಮೊದಲು ಬಂದವರು ಎಲೆಯಲ್ಲಿ ಬಿದ್ದ ಮುದ್ದೆ ನೋಡಿ ಮುಖ ಮುಖ ನೋಡಿಕೊಂಡು, ಉಂಡು, ಹೇಳಿ ಕಳಿಸುತ್ತೇವೆ ಎಂದು ಹೋದರು. ಆಮೇಲೆ ಬಂದವರಲ್ಲಿ ಒಬ್ಬ ಮುದುಕ, ಇದನ್ನ ಉಣ್ಣೋದೋ ಗೋಡೆಗೆ ಮೆತ್ತೋದೋ ಎಂದು ನಗಾಡಿದ. ಒಳಗಿದ್ದ ಸುಗುಣನಿಗೆ ಅದು ಕೇಳಿಸಿತು. ಅಂದಿನಿಂದ ಹೂ ಮುಡಿಯುವುದನ್ನು ಬಿಟ್ಟಳು.

ಮೇಲುಪೇಟೆಯ ಜವರಮ್ಮನ ಕಡೆಯಿಂದ ಅವಳ ಮಗನಿಗೆಂದು ಮಾತು ಬಂದಾಗ ಕೆಂಪಾಜಿ ಅತ್ತೆಯ ಕಾಲಿನ ಹತ್ತಿರ ಕೂತು ಕೇಳಿದಳು, ಒಂದು ದಿನದ ಮಟ್ಟಿಗೆ ಆ ಹಿಡಿ ಬಿಡೋಣ ಎಂದು. ಮರಿಸ್ವಾಮಿಯೂ ಕೇಳಿದ. ದೊಡ್ಡತಾಯಮ್ಮ ಕೋಪಿಸಿಕೊಳ್ಳಲಿಲ್ಲ. ಬಿಟ್ಟ ದಿನವೇ ಅವಳು ಬಂದರೆ ಏನು ಮಾಡಲಿ, ನೀವೇ ಹೇಳಿ ಎಂದಳು.

ಆ ದಿನ ಕೈಗೆ ಸಹಾಯವಾಗಲಿ ಎಂದು ನನ್ನನ್ನೂ ಕರೆದಿದ್ದರು. ನನ್ನ ಹಿಡಿಯೂ ಲೆಕ್ಕಕ್ಕೆ ಸೇರಿತ್ತು. ದೊಡ್ಡತಾಯಮ್ಮ ಅಕ್ಕಿಯ ಮಡಕೆಯ ಮುಂದೆ ಕೂತು, ಗಂಡಿನದು, ಗಂಡಿನ ತಾಯಿದು, ಗಂಡಿನ ಸೋದರಮಾವಂದು ಎಂದು ಬರುವವರನ್ನೆಲ್ಲ ಕರೆದು, ಆಮೇಲೆ ಮನೆಯವರನ್ನು ಕರೆದು, ಕೊನೆಯಲ್ಲಿ ಮಗಳನ್ನು ಕರೆದಳು. ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು ಬಾಗಿಲಿಗೆ ನೀರು ಹಾಕಲು ಹೋದಳು. ನಾನು ಕೊಬ್ಬರಿ ತುರಿಯುತ್ತಿದ್ದೆ. ಕೆಂಪಾಜಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಮೇಲಿನಿಂದ ಒಂದು ಹಿಡಿ ತೆಗೆದಳು. ಹೆಸರು ಕರೆದ ಅಕ್ಕಿಯನ್ನು ಮಡಕೆಗೆ ಮತ್ತೆ ಸುರಿಯುವುದು ಮನೆಯ ಹಿರಿಯಳ ಕೆಲಸ, ಹಕ್ಕಿಗೆ ಎರಚುವ ಹಾಗೂ ಇಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕಡೆ ನೋಡಿದಳು. ನಾನು ಕೊಬ್ಬರಿಯ ಕಡೆ ನೋಡಿದೆ.

ಗಂಡಿನವರು ಬಂದು ಹೊಸ ಚಾಪೆಗಳ ಮೇಲೆ ಕೂತರು. ಎಲೆ ಹಾಕಿದ್ದಾಯಿತು. ಮುಚ್ಚಳ ತೆಗೆಯುವುದು ಆ ಮನೆಯಲ್ಲಿ ದೊಡ್ಡತಾಯಮ್ಮನೇ. ತೆಗೆದಳು. ಹಬೆ ಸರಿಯಿತು. ಪಾತ್ರೆಯ ತುಂಬ ಅಗುಳಿಗೆ ಅಗುಳು ಅಂಟದೆ, ಒಂದೊಂದೂ ತಾನೇ ತಾನಾಗಿ, ಆಗ ತಾನೇ ಬಿಡಿಸಿಟ್ಟ ಮಲ್ಲಿಗೆ ಮೊಗ್ಗಿನ ಹಾಗೆ ನಿಂತಿತ್ತು. ಅವಳು ಸೌಟಿನ ಹಿಡಿಯಿಂದ ಅಂಚನ್ನು ಸಡಿಲಿಸಿ ನೋಡಿದಳು. ಮತ್ತೊಂದು ಕಡೆಯೂ ನೋಡಿದಳು. ಮುಚ್ಚಳವನ್ನು ನೆಲಕ್ಕೆ ಇಟ್ಟು, ಗೋಡೆ ಹಿಡಿದುಕೊಂಡು ಎದ್ದು, ಮೂಲೆಯಿಂದ ಒಂದು ಎಲೆ ತಂದು, ಸಾಲಿನ ಕೊನೆಯಲ್ಲಿ ಹಾಸಿ, ನೀರು ಚಿಮುಕಿಸಿದಳು. ಇನ್ನು ಯಾರು ಬರಬೇಕು ಎಂದು ಜವರಮ್ಮ ಕೇಳಿದಳು.

"ನನ್ನ ಮಗಳು. ಬತ್ತಾವ್ಳೆ."

ಹಾಸಿದ ಎಲೆಯವರೆಲ್ಲ ಕೂರುವ ತನಕ ನಮ್ಮೂರಲ್ಲಿ ಯಾರೂ ಅನ್ನಕ್ಕೆ ಕೈ ಹಚ್ಚುವುದಿಲ್ಲ. ಎಲ್ಲರೂ ಕೈ ಹಿಂದಕ್ಕೆ ತೆಗೆದುಕೊಂಡರು. ದೊಡ್ಡತಾಯಮ್ಮ ಬಾಗಿಲಿಗೆ ಹೋಗಿ ನಿಂತಳು. ಬೀದಿಯಲ್ಲಿ ಒಬ್ಬರಿಗೆ ಹೇಳಿದಳು, ಅವರು ಇನ್ನೊಬ್ಬರಿಗೆ ಹೇಳಿದರು, ಬಸ್ಸು ನಿಲ್ಲುವ ಆಲದ ಮರದ ತನಕ ಸುದ್ದಿ ಹೋಯಿತು. ಶಿವಲಿಂಗಿಯ ಜೊತೆ ಚಾಪೆಗೆ ಜೊಂಡು ಕೊಯ್ದ ಹೆಂಗಸರು, ಈಗ ಅಜ್ಜಿಯರಾದವರು, ಮೊಮ್ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ಜಗುಲಿಯ ಮೇಲೆ ಸಾಲಾಗಿ ಕೂತರು. ಅವಳ ಮೂಗುತಿ ಹೀಗಿತ್ತು, ನಡಿಗೆ ಹೀಗಿತ್ತು ಎಂದು ಮಾತಾಡಿಕೊಂಡರು. ಒಳಗೆ ಸಾರು ಆರುತ್ತಿತ್ತು. ಗಂಡಿನ ಸೋದರಮಾವ ಹಪ್ಪಳದ ಕಡೆ ನೋಡಿ ನೋಡಿ ಕಣ್ಣು ಮುಚ್ಚಿಕೊಂಡ. ಮರಿಸ್ವಾಮಿ ಹೆಂಡತಿಯನ್ನು ನೋಡಿದ, ಅವಳು ಒಲೆಯ ಕಡೆ ತಿರುಗಿಕೊಂಡಳು. ನನ್ನ ತೋಳು ಹಿಡಿದು ಮೂಲೆಗೆ ಎಳೆದು, ಗಂಟಿನ ಮೇಲೆ ನನ್ನ ಕೈ ಇಡಿಸಿದಳು.

"ಹೇಳಿದ್ರೆ ನನ್ನ ಮಗಳ ಬದುಕು ಹೋಯ್ತದೆ. ಹೇಳ್ದಿದ್ರೆ ಆ ಜೀವ ಬಾಗ್ಲಲ್ಲೇ ನಿಂತಿರ್ತದೆ. ಏನ್ ಮಾಡ್ಲಕ್ಕ?"

ನನಗೆ ಓದು ಬರಹ ಬರದಿದ್ದರೂ ಮಾತಿಗೆ ಎಂದೂ ಬರವಿಲ್ಲ. ಅವತ್ತು ಆರಿದ ಸಾರನ್ನು ಮತ್ತೆ ಒಲೆಗೆ ಏರಿಸಿದೆ ಅಷ್ಟೆ.

ಕೊನೆಗೆ ಜವರಮ್ಮನೇ ದಾರಿ ತೆಗೆದಳು. ಅವಳು ಗಟ್ಟಿ ಹೆಂಗಸು, ಮೂವರು ಮಕ್ಕಳನ್ನು ಒಬ್ಬಳೇ ಸಾಕಿದವಳು. ಬರುವವರು ದೂರದಿಂದ ಬರಬೇಕು, ದಾರಿಯಲ್ಲಿ ತಡವಾಗಿರಬಹುದು, ಅವರ ಪಾಲನ್ನು ಅವರ ಎಲೆಗೆ ಬಡಿಸಿ ಮುಚ್ಚಿಡಿ, ಪಾಲು ಇಟ್ಟ ಮೇಲೆ ನಾವು ಉಂಡರೆ ತಪ್ಪಿಲ್ಲ ಎಂದಳು. ನೀವೂ ನನ್ನ ಪಕ್ಕ ಕೂತು ಉಂಡರೆ ಮಾತ್ರ ನಾನು ಉಣ್ಣುತ್ತೇನೆ ಎಂದು ದೊಡ್ಡತಾಯಮ್ಮನನ್ನು ಕೈ ಹಿಡಿದು ಕೂರಿಸಿಕೊಂಡಳು. ಕೆಂಪಾಜಿ ಎಲ್ಲರಿಗಿಂತ ಮೊದಲು ಆ ಕೊನೆಯ ಎಲೆಗೆ ಅನ್ನ ಬಡಿಸಿ, ಇನ್ನೊಂದು ಎಲೆ ಮುಚ್ಚಿ, ಅದರ ಮೇಲೆ ಒಂದು ಲೋಟ ಇಟ್ಟಳು. ಆಮೇಲೆ ಊಟ ನಡೆಯಿತು. ಅನ್ನವನ್ನು ಹೊಗಳಿದರು. ನಮ್ಮ ಮನೆಯಲ್ಲಿ ಹೀಗೆ ಅನ್ನ ಮಾಡುವವಳು ಬಂದರೆ ಈ ಸೋದರಮಾವ ಊರಿಗೇ ಹೋಗುವುದಿಲ್ಲ ಎಂದು ಜವರಮ್ಮ ಗೇಲಿ ಮಾಡಿದಳು. ಸುಗುಣನನ್ನು ಕರೆದರು, ನೋಡಿದರು, ಹುಡುಗ ತಲೆ ಬಗ್ಗಿಸಿಕೊಂಡೇ ಆಗಲಿ ಎಂದ. ಎಲೆಯಡಿಕೆ ಬದಲಾಯಿತು. ದೊಡ್ಡತಾಯಮ್ಮ ತನ್ನ ಎಲೆಯನ್ನು ಪೂರಾ ಉಂಡಳು, ಆದರೆ ಏನು ಉಂಡಳೋ ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಬಾಗಿಲಲ್ಲೇ ಇತ್ತು.

ಗಂಡಿನವರು ಹೋದರು. ಜಗುಲಿಯ ಮೇಲಿದ್ದವರಿಗೆ ಮನೆಯ ದನ, ಮಕ್ಕಳು ನೆನಪಾಗಿ ಒಬ್ಬೊಬ್ಬರಾಗಿ ಎದ್ದರು. ಬಿಸಿಲು ಹಳದಿಗೆ ತಿರುಗಿತು. ನಾನು ಪಾತ್ರೆ ಬೆಳಗಲು ಕೂತೆ. ದೊಡ್ಡತಾಯಮ್ಮ ಒಳಗೆ ಬಂದು, ಮುಚ್ಚಿದ ಎಲೆಯ ಮುಂದೆ ಕೂತು, ಬೆರಳ ಗೆಣ್ಣು ಹಿಡಿದು ಎಣಿಸತೊಡಗಿದಳು. ಗಂಡಿನವರು ಉಂಡರು. ಮರಿಸ್ವಾಮಿ ಉಂಡ. ಸುಗುಣ ಉಂಡಳು. ಸಾಕಮ್ಮ ಉಂಡಳು. ನಾನು ಉಂಡೆ ಎಂದು ತನ್ನನ್ನೂ ಎಣಿಸಿದಳು. ಗೆಣ್ಣಿನ ಮೇಲಿನ ಹೆಬ್ಬೆರಳು ಅಲ್ಲಿಗೆ ನಿಂತಿತು. ಕೆಂಪಾಜಿ ನೆಲ ಸಾರಿಸುತ್ತಿದ್ದಳು.

"ಅಮ್ಮಿ, ನೀನು ಉಂಡ್ಯಾ?"

"ಉಂಡೆ ಅತ್ತೆಮ್ಮ."

"ಏನ ಉಂಡೆ?"

ತಳದಲ್ಲಿ ಇದ್ದದ್ದನ್ನು ಕೆರೆದುಕೊಂಡು ಉಂಡೆ ಎಂದಳು ಕೆಂಪಾಜಿ. ನನ್ನ ಕೈಯಲ್ಲಿದ್ದ ಪಾತ್ರೆಯ ಕಡೆ ದೊಡ್ಡತಾಯಮ್ಮ ತಿರುಗಿ ನೋಡಿದಳು. ನಾನು ಅದನ್ನು ತಿಕ್ಕಿಯೇ ಇರಲಿಲ್ಲ, ನೀರು ಹಾಕಿ ಗಲಬರಿಸಿದ್ದೆ ಅಷ್ಟೆ, ಒಳಗೆಲ್ಲ ಹೊಳೆಯುತ್ತಿತ್ತು. "ಉದುರನ್ನದ ಪಾತ್ರೇಲಿ ಕೆರ್ಕೊಳಾಕೆ ಏನಿರ್ತದವ್ವ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಕೆಂಪಾಜಿ ಸಾರಿಸುವ ಬಟ್ಟೆ ಕೆಳಗಿಟ್ಟಳು. ಅತ್ತೆಯ ಕಣ್ಣು ಅವಳ ಸೊಂಟದ ಗಂಟಿನ ಮೇಲೆ ಇತ್ತು. ಬೆಳಗಿನಿಂದ ಸಿಕ್ಕಿಸಿಕೊಂಡಿದ್ದದ್ದು ಓಡಾಟದಲ್ಲಿ ಸಡಿಲಾಗಿ ಹೊರಗೆ ಜೋತಿತ್ತು. ದೊಡ್ಡತಾಯಮ್ಮ ಕೈ ಚಾಚಿದಳು, ಕೆಂಪಾಜಿ ಹತ್ತಿರ ಹೋಗಿ ಕೂತಳು. ಮುದುಕಿ ಗಂಟು ಬಿಚ್ಚಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡಳು. ಮೈಯ ಬಿಸಿಗೆ ಅದು ಬೆಚ್ಚಗಿದ್ದಿರಬೇಕು. ತುಂಬ ಹೊತ್ತು ಹಿಡಿದುಕೊಂಡಿದ್ದಳು. ಸೊಸೆಯ ತಲೆಯ ಮೇಲೆ ಇನ್ನೊಂದು ಕೈಯಿತ್ತು. ಹೊಡೆಯುತ್ತಾಳೇನೋ ಎಂದು ನಾನು ಅರ್ಧ ಎದ್ದಿದ್ದೆ.

"ನಮ್ಮೂರ ಪಾತ್ರೆ ಸುಳ್ಳು ಹೇಳಾಕಿಲ್ಲ ಕಣಮ್ಮಿ. ಎಲೇಲಿರೋದು ನಿನ್ನ ಪಾಲು. ಬಾ, ಉಣ್ಣು."

ಅವಳೇ ಮುಚ್ಚಿದ ಎಲೆ ತೆಗೆದಳು. ಸಾರು ತಂದು ಬಿಟ್ಟಳು. ಮಗಳಿಗೆಂದು ಚಿಮುಕಿಸಿದ ನೀರು ಆರಿಹೋಗಿತ್ತು, ಮತ್ತೆ ಚಿಮುಕಿಸಿದಳು. ಕೆಂಪಾಜಿ ಅಳುತ್ತಲೇ ತುತ್ತು ಎತ್ತಿದಳು. ಅತ್ತೆ ಬೆನ್ನು ಸವರಿ ಸವರಿ ಉಣ್ಣಿಸಿದಳು. ತಣ್ಣಗಾಗಿದ್ದರೂ ಅನ್ನ ಹಾಗೇ ಬಿಡಿ ಬಿಡಿಯಾಗಿ ಇತ್ತು. ಕಡೆಯ ಅಗುಳು ಮುಗಿಯುವ ತನಕ ಎದುರಿಗೆ ಕೂತು ನೋಡಿದಳು. ಆಮೇಲೆ ಎದ್ದು ಮಡಕೆಯ ಹತ್ತಿರ ಹೋಗಿ, ಕೈಯಲ್ಲಿದ್ದ ಹಿಡಿಯನ್ನು ಮಡಕೆಯೊಳಗೆ ಬಿಟ್ಟಳು. ಬಿಡುವಾಗ ಹೆಸರು ಹೇಳಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದು ಜೊಂಡು ಸೀಳುತ್ತಾ ಕೂತಳು. ಆವತ್ತು ಸೀಳಿದ್ದು ಯಾವುದೂ ನೇಯಲಿಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಗನದು, ಸೊಸೆಯದು, ಮೊಮ್ಮಗಳದು, ತನ್ನದು ಎಂದು ಹಾಕಿ ಕೈ ಕೊಡವಿಕೊಂಡಳು. ನಾಳೆಯಿಂದ ನೀನೇ ಅಳತೆ ಮಾಡು ಎಂದು ಸೊಸೆಗೆ ಹೇಳಿದಳಂತೆ. ಅನ್ನ ಉದುರಾಯಿತು. ಅದರ ಮರುದಿನವೂ ಆಯಿತು. ನಮ್ಮೂರಲ್ಲಿ ಸಾವಿನ ದಿನ ಹೆಗಲು ಕೊಡುವವರು ಮಾತ್ರ ಹೋಗುತ್ತಾರೆ. ಮಾತಾಡಿಸಲು ಹೋಗುವುದು ಆ ಮನೆಯ ಅನ್ನ ಮತ್ತೆ ಉದುರಾದ ಮೇಲೆಯೇ. ಅದಕ್ಕೇ ಬೀದಿಯ ಹೆಂಗಸರು ಸಾವಿನ ಮನೆಗೆ ಒಯ್ಯುವ ಹಾಗೆ ಸೆರಗಿನಲ್ಲಿ ಒಂದೊಂದು ಅಚ್ಚು ಬೆಲ್ಲ ಇಟ್ಟುಕೊಂಡು ಬರತೊಡಗಿದರು. ಬಂದು ಬೆಲ್ಲವನ್ನು ಹೊಸಿಲಿನ ಮೇಲೆ ಇಟ್ಟು ಕೂತರು. ಶಿವಲಿಂಗಿ ಒಳ್ಳೆ ಹುಡುಗಿ, ಕೈಗೆಲಸ ಚೆಂದ ಇತ್ತು ಎಂದರು. ಯಾರೋ ಸೊರಸೊರ ಎಂದು ಅತ್ತರು. ದೊಡ್ಡತಾಯಮ್ಮ ಎಲ್ಲರಿಗೂ ಮಜ್ಜಿಗೆ ಕೊಡಿಸಿದಳು. ಕೇಳುವಷ್ಟು ಕೇಳಿ, ಆಮೇಲೆ ಹೇಳಿದಳು:

"ಸತ್ತವ್ಳೆ ಅಂತ ನಾನು ಹೇಳ್ಲಿಲ್ವಲ್ಲ ಕಣ್ರವ್ವ. ಎಲ್ಲೋ ಉಣ್ತಾವ್ಳೆ. ಇಲ್ಲಿ ಉಣ್ಣಾಕಿಲ್ಲ, ಅಷ್ಟೆಯ."

ಬಂದವರು ಬೆಲ್ಲವನ್ನು ವಾಪಸು ಎತ್ತಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಅಲ್ಲೇ ಬಿಟ್ಟು ಹೋದರು. ಇರುವೆ ಮುತ್ತಿತು. ಕೆಂಪಾಜಿ ಅದನ್ನು ಬಿಸಿಲಿಗಿಟ್ಟು ಇರುವೆ ಕೊಡವಿ, ಮದುವೆಯ ಪಾಯಸಕ್ಕೆ ಆಯಿತು ಎಂದು ಎತ್ತಿಟ್ಟಳು.

ಮದುವೆ ಚೆನ್ನಾಗಿ ಆಯಿತು. ಮೇಲುಪೇಟೆ ಏನು ದೂರ, ನಮ್ಮ ಬೀದಿಯ ತುದಿಗೆ ನಿಂತರೆ ಜವರಮ್ಮನ ಮನೆಯ ಹೊಗೆ ಕಾಣುತ್ತದೆ. ಸುಗುಣ ಹೂ ಮುಡಿದುಕೊಂಡು ಹೋದಳು. ಹೊರಡುವಾಗ ಅಜ್ಜಿಯ ಕಾಲಿಗೆ ಬಿದ್ದವಳನ್ನು ಅಜ್ಜಿ ಎತ್ತಿ ನಿಲ್ಲಿಸಿ, ಏನೇ ಕೋಪ ಬಂದರೂ ಎಲೆ ಮುಗಿಸಿ ಏಳು ಎಂದು ಕಿವಿಯಲ್ಲಿ ಹೇಳಿದಳು.

ಮಾರನೆಯ ಬೆಳಿಗ್ಗೆ ಚಪ್ಪರದಲ್ಲಿ ಉಳಿದ ಬಿದಿರ ಗಳಗಳನ್ನು ಕೊಡಲು ನಾನು ಆ ಮನೆಗೆ ಹೋದಾಗ ಕೆಂಪಾಜಿ ಮಡಕೆಯ ಮುಂದೆ ಕೂತಿದ್ದಳು. ಅತ್ತೆ ಪಕ್ಕದಲ್ಲಿ ಒಲೆಗೆ ಸೌದೆ ಮುರಿಯುತ್ತಿದ್ದಳು. ಅತ್ತೆದು ಎಂದು ಒಂದು ಹಿಡಿ ಹಾಕಿದಳು. ಗಂಡನದು ಎಂದು ಒಂದು. ತನ್ನದು ಎಂದು ಒಂದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳ ಕೈ ಮತ್ತೆ ಮಡಕೆಯೊಳಗೆ ಹೋಗಿತ್ತು. ಆ ಹೊತ್ತಿಗೆ ಮೇಲುಪೇಟೆಯಲ್ಲಿ ಇನ್ನೊಂದು ಪಾತ್ರೆಗೆ ಇನ್ನೊಂದು ಕೈ ಸುಗುಣಂದು ಎಂದು ಹಾಕುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಹಿಡಿ ತುಂಬಿದ ಕೈಯನ್ನು ಪಾತ್ರೆಯ ಮೇಲೆ ಹಿಡಿದಳು. ಬೆರಳ ಸಂದಿಯಿಂದ ಒಂದೆರಡು ಕಾಳು ಬಿದ್ದವು. ಅತ್ತೆ ನೋಡಿದಳು, ಸೌದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಕೆಂಪಾಜಿ ಕೈ ಬಿಟ್ಟಳು. ಹೆಸರನ್ನು ಜೋರಾಗಿ ಹೇಳಲಿಲ್ಲ, ತುಟಿ ಮಾತ್ರ ಆಡಿತು.

ಅನ್ನ ಮುದ್ದೆಗಟ್ಟಿತು. ನನ್ನನ್ನು ಉಣ್ಣಲು ಕರೆಯಲಿಲ್ಲ, ಕರೆಯುವ ಹಾಗೂ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಮರಿಸ್ವಾಮಿ ತಟ್ಟೆ ನೋಡಿ, ಹೆಂಡತಿಯ ಮುಖ ನೋಡಿ, ಕಲಸಿಕೊಂಡ. ಕೆಂಪಾಜಿ ಅತ್ತೆಯ ತಟ್ಟೆಗೆ ಸೌಟಿನಿಂದ ಬಿಡಿಸಿ ಹಾಕಲು ಹೋದರೆ ಅನ್ನ ಸೌಟನ್ನೇ ಕಚ್ಚಿಕೊಂಡಿತು. ಅವಳು ತಲೆ ತಗ್ಗಿಸಿದಳು.

ದೊಡ್ಡತಾಯಮ್ಮ ತಟ್ಟೆಯನ್ನು ಇನ್ನೂ ಮುಂದಕ್ಕೆ ಚಾಚಿದಳು.

"ಇನ್ನೊಂದೀಟು ಇಕ್ಕವ್ವ. ನಂಗೇನು, ಹಲ್ಲಿಲ್ಲ. ಮೆತ್ತಗಿದ್ರೇ ಉಣ್ಣಾಕೆ ಚೆಂದ."